ಮಾತು ಮುಗಿಸುವವಳು

ಸೌಜನ್ಯಳಿಗೆ ಅಣ್ಣನ ಹೆಂಡತಿ ನವ್ಯಶ್ರೀಯ ಮೇಲೆ ಇದ್ದದ್ದು ಒಂದೇ ದೂರು. ಅವಳು ಯಾರಿಗೂ ಮಾತು ಪೂರ್ತಿ ಆಡಗೊಡುತ್ತಿರಲಿಲ್ಲ. ಅರ್ಧಕ್ಕೇ ಕಿತ್ತುಕೊಂಡು ತಾನೇ ಮುಗಿಸುತ್ತಿದ್ದಳು. ಒಮ್ಮೆ ಕಾಫಿ ವ್ಯಾಪಾರದ ಮಕ್ಸೂದ್ ಸಾಬರು ಬಾಳ್ಳುಪೇಟೆಯಿಂದ ಬಂದು ಜಗುಲಿಯಲ್ಲಿ ಕೂತು, "ತಾಯೀ, ಒಂಚೂರು..." ಎನ್ನುವಷ್ಟರಲ್ಲೇ, "ರೇಟು ಬಿದ್ದೈತೆ ಅಂತೀರಾ, ಗೊತ್ತು ಬಿಡಿ!" ಎಂದಿದ್ದಳು.

"ಅಲ್ಲಮ್ಮಾ, ಒಂಚೂರು ನೀರು ಕೊಡಿ ಅಂತಿದ್ದೆ."

ಎಲ್ಲರೂ ನಕ್ಕರು. ಸೌಜನ್ಯಳಿಗೆ ನಗು ಬರಲಿಲ್ಲ. ಸಕಲೇಶಪುರದಿಂದ ತವರಿಗೆ ಬಂದಾಗಲೆಲ್ಲ ತನ್ನ ಮಾತನ್ನು ಅತ್ತಿಗೆಯ ಬಾಯಲ್ಲಿ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಆ ಮಳೆಗಾಲ ಅಮ್ಮ ರಾಜಲಕ್ಷ್ಮಮ್ಮನಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸರಿಹೋದವು, ಮಾತು ಹಿಂದೆ ಉಳಿಯಿತು. ಮನಸ್ಸಿನಲ್ಲಿದ್ದ ಪದ ನಾಲಿಗೆಗೆ ಬರಲು ಹೊತ್ತು ಹಿಡಿಯುತ್ತಿತ್ತು. ಜನರ ಹೆಸರುಗಳಂತೂ ಇನ್ನೂ ನಿಧಾನ.

ಕಾಫಿ ಕುಯ್ಲು ಶುರುವಾಗುವ ದಿನ ಆ ಮನೆಯಲ್ಲೊಂದು ಪದ್ಧತಿ. ಮೊದಲ ಗಿಡಕ್ಕೆ ಪೂಜೆ ಮಾಡಿ, ಹಣ್ಣು ಕುಯ್ಯಲು ಬಂದ ಒಬ್ಬೊಬ್ಬಳನ್ನೂ ಮನೆಯೊಡತಿ ಹೆಸರು ಹಿಡಿದು ಕರೆದು, ಕೈಗೆ ಕಾಯಿಚೂರು, ಬಾಳೆಹಣ್ಣು ಕೊಡಬೇಕು. ಆಮೇಲೆಯೇ ಅವರು ತೋಟಕ್ಕೆ ಇಳಿಯುವುದು.

"ಈ ಸಲ ನವ್ಯ ಕರೀಲಿ ಬಿಡಮ್ಮ," ಎಂದ ಮಗ ನಟರಾಜ್.

ರಾಜಲಕ್ಷ್ಮಮ್ಮ ತಲೆ ಅಲ್ಲಾಡಿಸಿದರು. "ನಾ... ನಾನೇ." ಕಾಯಿಲೆ ಬಿದ್ದ ಮೇಲೆ ಅವರು ಅಷ್ಟು ಗಟ್ಟಿಯಾಗಿ ಆಡಿದ ಮಾತು ಅದೇ ಮೊದಲು. ಇದನ್ನೂ ಕೈಬಿಟ್ಟರೆ ಅವರು ಮತ್ತೆ ನಾಲ್ಕು ಜನರೆದುರು ಬಾಯಿ ತೆರೆಯಲಾರರು ಎಂದು ಸೌಜನ್ಯಳಿಗೆ ಅನ್ನಿಸಿತು.

ಅಡುಗೆಮನೆಗೆ ಹೋಗಿ ಅತ್ತಿಗೆಯನ್ನು ಹಿಡಿದಳು. "ದಮ್ಮಯ್ಯ ಅತ್ತಿಗೆ, ನಾಳೆ ಒಂದು ದಿನ ಬಾಯಿ..."

"ಮುಚ್ಕೊಂಡಿರ್ತೀನಿ ಕಣೇ."

ಬೆಳಿಗ್ಗೆ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಟ್ಟು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲಾಗಿ ನಿಂತರು. ಎಲ್ಲರಿಗಿಂತ ಹಿರಿಯಳಾದ ಬೆಟ್ಟಮ್ಮ ಮುಂದಿದ್ದಳು. ನವ್ಯಶ್ರೀ ತಟ್ಟೆ ಹಿಡಿದು ಅತ್ತೆಯ ಪಕ್ಕ ನಿಂತಳು. ಮಗ್ಗುಲಲ್ಲೇ ನಿಂತ ಸೌಜನ್ಯಳ ಕಣ್ಣು ಅವಳ ಬಾಯಿಯ ಮೇಲೇ ಇತ್ತು.

"ಬೆ..." ಎಂದರು ರಾಜಲಕ್ಷ್ಮಮ್ಮ.

ಮುಂದೆ ಬರಲಿಲ್ಲ. ಸಾಲಿನಲ್ಲಿ ಯಾರೋ ಕೆಮ್ಮಿದರು. ಬೆಟ್ಟಮ್ಮ ನೆಲ ನೋಡಿದಳು.

"ಬೆ... ಬೆ..."

ಅಮ್ಮನ ಕಣ್ಣು ತುಂಬಿಬಂತು. ಸೌಜನ್ಯಳಿಗೆ ತಡೆಯಲಾಗಲಿಲ್ಲ. ಅವಳ ಬಾಯಿ ತಾನಾಗಿಯೇ ತೆರೆದುಕೊಂಡಿತು. ಅಷ್ಟರಲ್ಲಿ ಅವಳ ಮಣಿಕಟ್ಟನ್ನು ಒಂದು ಕೈ ಗಟ್ಟಿಯಾಗಿ ಹಿಡಿಯಿತು. ನವ್ಯಶ್ರೀ! ಅವಳು ನಾದಿನಿಯ ಕಡೆ ತಿರುಗಲೂ ಇಲ್ಲ. ಯಾವ ಆತುರವೂ ಇಲ್ಲವೆಂಬಂತೆ ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದಳು. ಗಂಟಲು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಬಂದ ಮಾತನ್ನು ನುಂಗುವುದು ಅವಳಿಗೆಷ್ಟು ಕಷ್ಟ ಎಂಬುದು ಸೌಜನ್ಯಳಿಗೆ ಆಗ ಕಂಡಿತು. ತನ್ನ ಕೈಲಾಗದ್ದನ್ನು ಇವಳು ಮಾಡುತ್ತಿದ್ದಾಳೆ ಎನ್ನುವುದೂ.

"ಬೆಟ್ಟೀ," ಎಂದರು ರಾಜಲಕ್ಷ್ಮಮ್ಮ.

"ಬಂದೆ ಅಮ್ಮಾರೇ!" ಬೆಟ್ಟಮ್ಮ ಕೈಯೊಡ್ಡಿದಳು. "ಆತ್ರ ಏನೈತೆ, ನಿಧಾನಕ್ಕೇ ಕರೀರಿ. ನಿಂತಿದ್ದಕ್ಕೂ ಸಂಬಳ ಕೊಡ್ತೀರಲ್ಲ!"

ಸಾಲಿಗೆ ಸಾಲೇ ನಕ್ಕಿತು. ರಾಜಲಕ್ಷ್ಮಮ್ಮನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ನವ್ಯಶ್ರೀ ತಟ್ಟೆಯನ್ನು ಅತ್ತೆಯ ಕೈಗೆ ಇನ್ನಷ್ಟು ಹತ್ತಿರ ಹಿಡಿದಳು.

ಮುಂದಿನವಳು ಈರಮ್ಮ. ಆ ಹೆಸರು ಬರಲು ಇನ್ನೂ ಹೊತ್ತಾಯಿತು. ಗಿಡಗಳ ನಡುವೆ ಬಿಸಿಲು ಇಳಿಯಿತು. ಯಾರೂ ಅಲ್ಲಾಡಲಿಲ್ಲ.