ಮೆತ್ತನೆ ಚಿಪ್ಪು

"ಏನ್ ಸುರಿದ್ಯೇ ಹೊಂಡಕ್ಕೆ, ಮುಂಡೆ? ಬಾಯಿ ಬಿಡು."

ಧಣಿ ದಂಡೆಯಿಂದ ಎಸೆದ ಸತ್ತ ಸೀಗಡಿ, ಕೆಳಗೆ ಹೊಂಡದಂಚಿನಲ್ಲಿ ನಿಂತಿದ್ದ ಅವಳ ಕೆನ್ನೆಗೆ ಬಡಿದು ಕೆಸರಿಗೆ ಬಿತ್ತು. ಸೊಂಟಮಟ್ಟ ನೀರಿನಲ್ಲಿ ಬಲೆ ಎಳೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಅವಳು ಧಣಿಯ ಆ ಸೀಗಡಿ ಹೊಂಡಗಳಿಗೆ ಹನ್ನೊಂದು ವರ್ಷದಿಂದ ಮೇವು ಹಾಕುತ್ತಿದ್ದವಳು. ಬೆನ್ನೊಳಗಿನ ಕರುಳಿನ ಗೆರೆ ನೋಡಿಯೇ ಸೀಗಡಿಯ ಹಸಿವು ಹೇಳಬಲ್ಲವಳು.

ಈ ಸಲ ಆ ಗೆರೆಯೇ ಇರಲಿಲ್ಲ. ಮೂರು ತಿಂಗಳಿಂದ ಬಣ್ಣದ ಕಾರ್ಖಾನೆಯ ನೀರು ಕಾಲುವೆಗೆ ಬೀಳುತ್ತಿತ್ತು. ಕಾಲುವೆಯಿಂದ ತೂಬಿನ ದಾರಿಯಲ್ಲಿ ಹೊಂಡಕ್ಕೆ. ಸೀಗಡಿಗಳು ಮೇವು ಮುಟ್ಟದಾದವು. ಕಿವಿರುಗಳು ಮಸಿ ಬಳಿದಂತೆ ಕಪ್ಪಾದವು. ಹಳೆಯ ಚಿಪ್ಪು ಕಳಚಿದವಕ್ಕೆ ಹೊಸದು ಗಟ್ಟಿಯಾಗಲೇ ಇಲ್ಲ, ಬೆರಳಿಟ್ಟರೆ ನೆನೆದ ಕಾಗದದ ಹಾಗೆ ಹರಿಯುತ್ತಿತ್ತು. ಹೆಂಗಸರ ಕಾಲ್ಬೆರಳ ಸಂದಿಯ ಚರ್ಮವೂ ಸುಲಿಯಿತು. ಅದನ್ನು ಕೇಳುವವರು ಯಾರು?

ಕೇಳಿದವನು ಒಬ್ಬನೇ, ನೀರು ಪರೀಕ್ಷೆಯ ಸಾಹೇಬ. "ಅಕ್ಕಾ, ನೀವು ಶೀಶೆಲಿ ನೀರು ತುಂಬ್ಕೊಡಿ ಸಾಕು. ಮಿಕ್ಕಿದ್ದು ನನಗ್ಬಿಡಿ" ಎಂದಿದ್ದ. ಅವಳು ಕಾರ್ಖಾನೆಯ ಕೊಳವೆ ಬಾಯಿಗೇ ಇಳಿದು ಹನ್ನೆರಡು ಶೀಶೆ ತುಂಬಿ ಕೊಟ್ಟಳು. ಅವನು ಮನೆಗೆ ಬಂದಾಗ ಚಾಪೆ ಹಾಸಿ, ಒಡಹುಟ್ಟಿದವನಿಗೆ ಬಡಿಸಿದಂತೆ ಬಡಿಸಿದಳು.

ಇವತ್ತು ಅವನು ದಂಡೆಯ ಮೇಲೆ, ಧಣಿಯ ಪಕ್ಕದ ಕುರ್ಚಿಯಲ್ಲಿದ್ದ. ವರದಿ ಓದಿದ. ಕಾಲುವೆಯ ನೀರಿನಲ್ಲಿ ದೋಷವಿಲ್ಲ, ಸೀಗಡಿ ಸಾಯಲು ಮೇವು ಹಾಕುವವಳು ಅಳತೆ ಮೀರಿ ಔಷಧಿ ಸುರಿದದ್ದೇ ಕಾರಣ.

"ನಾನ್ ಕೊಟ್ಟ ಶೀಶೆ ಏನಾದ್ವು, ತಮ್ಮಾ?"

ಅವನು ಹಾಳೆಯಿಂದ ತಲೆ ಎತ್ತಲಿಲ್ಲ. "ಯಾವ ಶೀಶೆನಮ್ಮ?"

ಅಕ್ಕ ಎನ್ನುತ್ತಿದ್ದ ಬಾಯಿ ಅದು. ಅವಳಿಗೆ ಕೆನ್ನೆಯ ಉರಿ ಮರೆತುಹೋಯಿತು.

"ಕಾರ್ಖಾನೆಯೋನೂ ಧಣಿಯೂ ಹೋದ್ ತಿಂಗಳೇ ಬೀಗರಾಗವ್ರೆ ಕಣೇ" ಎಂದು ಹಿಂದಿನಿಂದ ಒಬ್ಬಳು ಪಿಸುಗುಟ್ಟಿದಳು. "ನಿನ್ ಶೀಶೆ ಎಲ್ಲಿ ಉಳೀತವೆ?"

ಧಣಿ ಶಾಯಿಯ ಡಬ್ಬಿ ಮುಂದೆ ತಳ್ಳಿದ. "ತಪ್ಪು ನಂದೇ ಅಂತ ಹೆಬ್ಬೆಟ್ಟು ಒತ್ತಿ ತೊಲಗು." ಆಮೇಲೆ ಆಳುಗಳತ್ತ ತಿರುಗಿದ. "ಲೇ, ಜೀವ ಇರೋವನ್ನ ಐಸ್ ಹಾಕಿ ಲಾರಿಗೆ ತುಂಬ್ರೋ. ಪೇಟೆಯೋರು ಸುಲಿದು ತಿಂತಾರೆ, ಚಿಪ್ಪು ಯಾವನ್ ನೋಡ್ತಾನೆ."

ಅವಳು ದಂಡೆ ಹತ್ತಿದಳು. ಹೆಬ್ಬೆಟ್ಟು ಒತ್ತಲು ಬಂದಳೆಂದು ಸಾಹೇಬ ಹಾಳೆ ಬಿಡಿಸಿ ಹಿಡಿದ. ಅವಳು ಅವನನ್ನು ದಾಟಿ ಹೋಗಿ, ಶೆಡ್ಡಿನ ಬಾಗಿಲಲ್ಲಿದ್ದ ಹೊಂಡ ತೊಳೆಯುವ ಬ್ಲೀಚಿಂಗ್ ಪೌಡರಿನ ಮೂಟೆಗಳಲ್ಲಿ ಒಂದನ್ನು ಎಳೆದು ತಂದಳು. ಹಗ್ಗ ಕತ್ತರಿಸುವ ಕುಡುಗೋಲಿನಿಂದ ಸೀಳಿ, ಲಾರಿಗೆಂದು ಟಾರ್ಪಾಲಿನ ಮೇಲೆ ಸುರಿದಿದ್ದ ಸೀಗಡಿ ರಾಶಿಗೆ ಇಡಿಯಾಗಿ ಕವುಚಿದಳು. ಬಿಳಿ ಧೂಳೆದ್ದು ಧಣಿ ಕೆಮ್ಮಿದ.

"ಈಗ ಬರ್ಕೋ ತಮ್ಮಾ, ನಾನೇ ಸುರಿದೆ ಅಂತ. ಈಗ ನಿಜ ಆಯ್ತದೆ."

"ಹಿಡೀರೋ ಆ ರಂಡೇನ" ಎಂದ ಧಣಿ. ಆಳು ದೊಣ್ಣೆ ಎತ್ತಿಕೊಂಡು ಬಂದ. ಅಷ್ಟರಲ್ಲಿ ಬಲೆ ಬಿಟ್ಟ ಹೆಂಗಸರು ಸುಲಿದ ಕಾಲುಗಳಲ್ಲೇ ಒಬ್ಬೊಬ್ಬರಾಗಿ ದಂಡೆ ಹತ್ತುತ್ತಿದ್ದರು. ಮೊದಲು ಹತ್ತಿದವಳು ಎರಡನೆಯ ಮೂಟೆಗೆ ಕೈ ಹಾಕಿದಳು.