ಗುಂಟೂರು ಕಾಯಿ

"ಕಣ್ಣ ಮುಟ್ಟಿಕೋಬ್ಯಾಡ್ರಿ, ಕೈ ತುಂಬ ಖಾರ ಐತಿ," ಎಂದಳು ನರ್ಸ್ ಶೈಲಾ. ಅಷ್ಟರಲ್ಲಿ ನಿರ್ಮಲಾಳ ಬೆರಳು ರೆಪ್ಪೆ ತಾಕಿಯೇ ಬಿಟ್ಟಿತ್ತು. ಎದುರಿನ ಟ್ಯಾಬಿನಲ್ಲಿ ದೂರದ ಊರಿನ ಮನೋವೈದ್ಯೆ ಕಾಯುತ್ತಿದ್ದರು. ನಿದ್ದೆ ಬರುವುದಿಲ್ಲವೆಂದು ಬ್ಯಾಡಗಿ ಪಕ್ಕದ ಈ ಆರೋಗ್ಯ ಕೇಂದ್ರಕ್ಕೆ ಬಂದವಳಿಗೆ ಇಲ್ಲಿನ ಡಾಕ್ಟರು ಹೋದ ತಿಂಗಳು ಗುಳಿಗೆ ಶುರುಮಾಡಿ, ವಿಡಿಯೋದಲ್ಲಿ ಇವರನ್ನು ಮಾತಾಡಿಸುವ ಏರ್ಪಾಡು ಮಾಡಿದ್ದರು. ಮನೆಯಲ್ಲಿ ಅವಳು ತಲೆನೋವು ಎಂದಷ್ಟೇ ಹೇಳಿದ್ದಳು. ಜೊತೆಗೆ ಬಂದ ಅತ್ತೆ ಗುಡ್ಡವ್ವ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಆಗಾಗ ಅಳು ಬರುತ್ತಾ, ನಿರ್ಮಲಾ?" ಎಂದರು ಮನೋವೈದ್ಯೆ.

"ಇಲ್ರಿ. ಇದು ಮೆಣಸಿನಕಾಯಿ ಘಾಟ್ರಿ ಬಾಯಾರ. ತೊಟ್ಟು ಬಿಡಸೋ ಕೆಲಸ ನಂದು."

ಬ್ಯಾಡಗಿಯಲ್ಲಿ ಅಳುವ ಹೆಂಗಸಿಗೆ ಇದೊಂದು ಅನುಕೂಲ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಟ್ಯಾಬಿನಲ್ಲಿದ್ದ ಡಾಕ್ಟರೂ ನಂಬಿದಂತೆ ಕಂಡಿತು. "ಹಾಗಾದರೆ ಗುಳಿಗೆ ಹೆಚ್ಚು ಮಾಡೋದು ಬೇಡ. ಇನ್ನು ಮೂರು ತಿಂಗಳು ಬಿಟ್ಟು ನೋಡೋಣ," ಎಂದರು.

ಮೂರು ತಿಂಗಳು! ಅಲ್ಲಿಯವರೆಗೆ ಹೇಗೆ ಎಂದುಕೊಂಡಳು ನಿರ್ಮಲಾ. ಆದರೂ ಸರಿ ಎಂಬಂತೆ ತಲೆಯಾಡಿಸಿದಳು.

ಹೊರಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಗುಡ್ಡವ್ವ ಎದ್ದು ಒಳಗೇ ಬಂದಳು. "ತಡೀರಿ ಬಾಯಾರ. ಇಕಿ ಕೆಲಸಕ್ಕ ಹೋಗೋದು ಬಿಟ್ಟು ಬಾಳ ದಿನ ಆತ್ರಿ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿರತಾಳ. ಮುಂಜಾನೆ ಡಬ್ಬ್ಯಾಗಿನ ಮೆಣಸಿನಕಾಯಿ ಹಿಚುಕಿ ಕೈಗೆ ಹಚ್ಚಿಕೊಂಡು ಬಂದಾಳ್ರಿ. ಅದೂ ಗುಂಟೂರ ಕಾಯಿ."

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದಕ್ಕೆಂದೇ ಗುಂಟೂರು ಕಾಯಿ ಆರಿಸಿದ್ದನ್ನೂ ಅತ್ತೆ ನೋಡಿಬಿಟ್ಟಿದ್ದಾಳೆ. ನಿರ್ಮಲಾ ನಾಚಿಕೆಯಿಂದ ಕುಗ್ಗಿಹೋದಳು. ಕುಡಿಯದ ಗಂಡ, ಬೈಯದ ಅತ್ತೆ. ಇಷ್ಟಿದ್ದೂ ಅಳುವವಳಿಗೆ ಏನನ್ನಬೇಕು? ಶೈಲಾ ಟೇಬಲ್ ಒರೆಸುವ ನೆಪದಲ್ಲಿ ಮುಖ ತಿರುಗಿಸಿದಳು. ಡಾಕ್ಟರು ಮಾತ್ರ ಪರದೆಯ ಹತ್ತಿರಕ್ಕೆ ಬಾಗಿದರು.

"ಬರ್ತದ್ರಿ," ಎಂದಳು ನಿರ್ಮಲಾ, ನೆಲ ನೋಡುತ್ತ. "ಸುಮ್ಸುಮ್ಕ ಅಳು ಬರ್ತದ್ರಿ. ಯಾಕಂತ ನನಗೂ ತಿಳಿಯಂಗಿಲ್ಲ."

"ತಿಳೀಬೇಕು ಅಂತಿಲ್ಲ. ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದ ಡಾಕ್ಟರು ಗುಳಿಗೆ ಹೆಚ್ಚಿಸಿ, ಬರುವ ವಾರವೇ ಮತ್ತೆ ಮಾತಾಡೋಣ ಎಂದರು.

ಮನೆ ಸೇರಿದ ಮೇಲೆ ಗುಡ್ಡವ್ವ ಬಟ್ಟಲಲ್ಲಿ ಎಣ್ಣೆ ತಂದು ಕಟ್ಟೆಯ ಮೇಲೆ ಕೂತಳು.

"ಕೊಡಿಲ್ಲೆ ಕೈ. ನೀರಿಗೆ ಹೋಗೂದಲ್ಲ ಆ ಉರಿ."

"ನಿಮಗ ಹೆಂಗ ಗೊತ್ತಾತ್ರಿ ಅತ್ತಿ?"

"ನಮ್ಮ ಕಾಲಕ್ಕೂ ಮೆಣಸಿನಕಾಯಿ ಇದ್ದೂವವಾ," ಎಂದಳು ಗುಡ್ಡವ್ವ. "ಕೇಳೋರು ಇರಲಿಲ್ಲ, ಅಷ್ಟ."

ಬೆರಳು ಬೆರಳಿಗೂ ಎಣ್ಣೆ ತಿಕ್ಕತೊಡಗಿದಳು. ಎರಡೂ ಕೈ ಅತ್ತೆಯ ಮಡಿಲಲ್ಲಿದ್ದುದರಿಂದ ನಿರ್ಮಲಾಳಿಗೆ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ. ಗುಡ್ಡವ್ವ ತನ್ನ ಸೆರಗಿನ ತುದಿ ಹುಡುಕಿದಳು.