ಏಳು ತೆಳು ಪುಸ್ತಕಗಳು

ನಡುಮನೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ನಿಂತಿತ್ತು. ಒಳಗೆ ಏನೂ ಇರಲಿಲ್ಲ. ನಾನು ಹಾದುಹೋದಾಗಲೆಲ್ಲ ಗಾಜಿನಲ್ಲಿ, ಆ ಖಾಲಿ ಹಲಗೆಗಳ ನಡುವೆ, ನನ್ನ ಮುಖ ಮೂಡುತ್ತಿತ್ತು. ತಲೆ ತಗ್ಗಿಸಿ ಬೇಗ ದಾಟಿಬಿಡುತ್ತಿದ್ದೆ. ಮದುವೆಯಾಗಿ ಆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೂ ನಾನು ಉಂಡದ್ದು, ಉಟ್ಟದ್ದು, ನಕ್ಕದ್ದು ಎಲ್ಲವೂ ಜೀವ ಕೈಯಲ್ಲಿ ಹಿಡಿದುಕೊಂಡೇ.

ನನಗೆ ಓದಲು ಬರುತ್ತಿರಲಿಲ್ಲ. ಅದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಮಾವ ಸೇತುರಾಮಯ್ಯನವರು ಮೂವತ್ತು ವರ್ಷ ಹೆಡ್ಮಾಸ್ತರರಾಗಿದ್ದವರು. ಓದು ಬಾರದ ಸೊಸೆ ಬೇಡವೆಂದು ನೆಂಟರಿಗೆಲ್ಲ ಹೇಳಿಟ್ಟಿದ್ದರು. ಒಳ್ಳೆಯ ಸಂಬಂಧ ಕೈತಪ್ಪಬಾರದೆಂದು ನನ್ನಪ್ಪ, "ಹುಡುಗಿ ಏಳನೇ ಕ್ಲಾಸು ಪಾಸಾಗಿದ್ದಾಳೆ" ಎಂದು ಕಣ್ಣು ಮಿಟುಕಿಸದೆ ಹೇಳಿಬಿಟ್ಟ. ಹೆಣ್ಣು ನೋಡಲು ಬರುವ ಮೊದಲು ಹದಿನೈದು ದಿನ, ನೆರೆಮನೆಯ ಹುಡುಗಿಯೊಬ್ಬಳು ಒಂದು ಪಾಠವನ್ನು ನನಗೆ ಬಾಯಿಪಾಠ ಮಾಡಿಸಿದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಮಾತಿಗೆ ಪುಟ ಮಗುಚಬೇಕು ಎಂಬುದನ್ನೂ ಕಲಿಸಿದಳು. ಅವರು ಬಂದ ದಿನ ಆ ಪುಸ್ತಕ ಹಿಡಿದು ನಾನು ಗಿಣಿಯಂತೆ ಒಪ್ಪಿಸಿದೆ. ಮಾವ ತಲೆದೂಗಿದರು. ಅಷ್ಟಕ್ಕೇ ಮದುವೆ ಗೊತ್ತಾಯಿತು.

ಬಂದ ಮೇಲೆ ಯಾರಾದರೂ ಪತ್ರಿಕೆ ಕೈಗೆ ಕೊಟ್ಟರೆ ಕಣ್ಣುರಿ ಎನ್ನುತ್ತಿದ್ದೆ. ಒಮ್ಮೆ ಅತ್ತೆ ಭಾಗೀರಥಮ್ಮ ಹುರುಳಿಕಾಯಿ ಸೋಸುತ್ತ ಬೀದಿಯ ಸುದ್ದಿ ಹೇಳಿದರು. ಯಾರದೋ ಮನೆಯ ಸೊಸೆಗೆ ಮೂರ್ಛೆರೋಗವಿತ್ತಂತೆ, ಮುಚ್ಚಿಟ್ಟು ಮದುವೆ ಮಾಡಿದ್ದರಂತೆ, ತವರಿಗೆ ಅಟ್ಟಿದರಂತೆ. "ಸರಿಯಾಗೇ ಮಾಡಿದ್ರು. ಸುಳ್ಳು ಹೇಳಿ ತಂದ ಹೆಣ್ಣು ಹೊಸ್ತಿಲೊಳಗೆ ಒಂದು ದಿನಾನೂ ಇರಬಾರ್ದು" ಎಂದರು. ನನ್ನ ಕೈಯಲ್ಲಿದ್ದ ಹುರುಳಿಕಾಯಿ ಜಾರಿ ಬಿತ್ತು. ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು. ನಾನು ನಮ್ಮೂರಿಗೆ ವಾಪಸು ಹೋದರೆ ಅವರನ್ನು ಯಾರು ಮದುವೆಯಾಗುತ್ತಾರೆ?

ಹೀಗಿರುವಾಗ ಊರಿನ ಹಳೆಯ ವಾಚನಾಲಯ ಮುಚ್ಚಿತು. ಮಾವ ಅದರ ಕಾರ್ಯದರ್ಶಿಯಾಗಿದ್ದರು. ಒಂದು ಬೆಳಿಗ್ಗೆ ನಲವತ್ತು ಪುಸ್ತಕ ತುಂಬಿದ ಪೆಟ್ಟಿಗೆ ಬಂದು ನಡುಮನೆಯಲ್ಲಿ ಕುಳಿತಿತು. ಮಾವ ನನ್ನನ್ನು ಕರೆದರು.

"ನೋಡಮ್ಮ, ಪಂಕಜನ ಮಗು ಹುಟ್ಟೋ ಹೊತ್ತಿಗೆ ಈ ಮನೇಲಿ ಒಂದು ಪುಸ್ತಕದ ಕಪಾಟು ಇರ್ಬೇಕು. ದಪ್ಪ ಪುಸ್ತಕ ಎಲ್ಲಾ ಬರೀ ಜಂಬಕ್ಕೆ. ನಂಗೆ ಬೇಕಾಗಿರೋದು ತೆಳ್ಳಗಿರೋದು. ಬೆಳಿಗ್ಗೆ ಕೂತ್ರೆ ಅಡಿಗೆಗೆ ಒಲೆ ಹಚ್ಚೋದ್ರೊಳಗೆ ಮುಗೀಬೇಕು, ಆದ್ರೆ ಸಾಯೋವರೆಗೂ ಮರೀಬಾರ್ದು. ಹಳೇದಾಗಿ, ಗಟ್ಟಿಯಾಗಿ ಉಳಿದಿರ್ಬೇಕು. ಅಂಥ ಏಳು ಆರಿಸು."

"ನಾನಾ, ಮಾವ?"

"ನಾನು ಆರಿಸಿದ್ರೆ ಮೇಷ್ಟ್ರು ಆರಿಸಿದ ಹಾಗಿರತ್ತೆ. ನೀನು ಆರಿಸು. ಶುಕ್ರವಾರ ಒಳ್ಳೇ ದಿನ, ಕಪಾಟಿಗೆ ಇಡೋಣ."

ಪಂಕಜ ನನ್ನ ನಾದಿನಿ, ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದವಳು. ಮೊದಲು ಅವಳ ಹತ್ತಿರ ಹೋದೆ. "ಕಣ್ಣು ಉರೀತಿದೆ, ಹೆಸರುಗಳನ್ನ ಒಂಚೂರು ಓದಿ ಹೇಳ್ತೀಯಾ?" ಎಂದೆ. "ಅಯ್ಯೋ ಅತ್ತಿಗೆ, ಕೂತ್ರೆ ಎದ್ದೇಳಕ್ಕಾಗಲ್ಲ, ಮಲಗಿದ್ರೆ ಹೊರಳಕ್ಕಾಗಲ್ಲ, ನಂಗ್ಯಾಕೆ ಪುಸ್ತಕ" ಎಂದು ಆ ಕಡೆ ತಿರುಗಿ ಮಲಗಿದಳು. ನನ್ನವರನ್ನು ಕೇಳುವ ಧೈರ್ಯವಾಗಲಿಲ್ಲ. ಅವರು ತಮ್ಮ ಅಪ್ಪನೆದುರು ಗಟ್ಟಿಯಾಗಿ ಉಸಿರು ಬಿಡದವರು. ಅವರಿಗೆ ತಿಳಿದರೆ ಅಪ್ಪನಿಗೆ ತಿಳಿದಂತೆಯೇ.

ಮೂರು ದಿನ ಆ ಪೆಟ್ಟಿಗೆಯ ಮುಂದೆ ಕುಳಿತೆ. ವಾಚನಾಲಯದವರು ಎಲ್ಲ ಪುಸ್ತಕಗಳಿಗೂ ಒಂದೇ ಬಗೆಯ ಕಂದು ಕಾಗದ ಹೊದಿಸಿದ್ದರು. ಒಂದರಲ್ಲೂ ಚಿತ್ರವಿಲ್ಲ. ತೆಳ್ಳಗಿನವನ್ನು ಬೇರೆ ಮಾಡುವುದು ಸುಲಭವಾಯಿತು, ಹದಿನೆಂಟು ಉಳಿದವು. ಮುಂದೆ ದಾರಿ ಕಾಣದೆ ಸುಮ್ಮನೆ ಪುಟ ತಿರುವುತ್ತಿದ್ದಾಗ ಒಂದರ ಮೂಲೆಗಳು ಕಪ್ಪಗೆ ಮೆತ್ತಗಾಗಿರುವುದು ಕಂಡಿತು. ಇನ್ನೊಂದು ಹೊಚ್ಚಹೊಸದರಂತೆ ಗರಿಗರಿಯಾಗಿತ್ತು. ನಮ್ಮೂರಲ್ಲಿ ಬಾವಿಯ ಕಲ್ಲಿನ ಮೇಲೆ ಹಗ್ಗ ಉಜ್ಜಿದ ಗೆರೆ ನೋಡಿಯೇ ಯಾವುದರ ನೀರು ಸಿಹಿಯೆಂದು ಹೇಳುತ್ತಿದ್ದೆವು. ಅದೇ ನೆನಪಾಯಿತು. ಯಾವುದನ್ನು ಜನ ಹೆಚ್ಚು ಹಿಡಿದಿದ್ದರೋ ಅದನ್ನೇ ಆರಿಸಿದೆ. ಒಂದರ ಬೆನ್ನನ್ನು ಯಾರೋ ಸೀರೆಯ ನೂಲಿನಿಂದ ಹೊಲಿದಿದ್ದರು. ಒಂದರಲ್ಲಿ ಅರಿಶಿನದ ಬೆರಳ ಗುರುತಿತ್ತು. ಎಲ್ಲಕ್ಕಿಂತ ಸವೆದದ್ದು ಬಲು ತೆಳ್ಳಗಿನ ಒಂದು ಪುಸ್ತಕ. ಅದರ ಪುಟಗಳ ಮೇಲೆ ನೀರು ಬಿದ್ದು ಒಣಗಿದ ಕಲೆಗಳಿದ್ದವು. ಇದನ್ನು ಓದಿ ಎಷ್ಟೊಂದು ಜನ ಅತ್ತಿದ್ದಾರೆ, ಇದು ದೊಡ್ಡ ಪುಸ್ತಕವೇ ಇರಬೇಕು ಎಂದುಕೊಂಡೆ. ಅದನ್ನು ಎಲ್ಲಕ್ಕಿಂತ ಮೇಲಿಟ್ಟೆ.

ಶುಕ್ರವಾರ ಬೆಳಿಗ್ಗೆ ಅತ್ತೆ ಕಪಾಟಿಗೆ ಅರಿಶಿನ ಕುಂಕುಮ ಹಚ್ಚಿದರು. ಎಲ್ಲರೂ ಸೇರಿದರು. ಪಂಕಜ ಗೋಡೆಗೊರಗಿ ಕಾಲು ಚಾಚಿ ಕುಳಿತಳು. ಮಾವ ಕನ್ನಡಕ ಹಾಕಿಕೊಂಡು ನಾನು ಆರಿಸಿದ್ದ ಏಳರ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ನನ್ನ ಅದೃಷ್ಟಕ್ಕೆ ಕೆಳಗಿನಿಂದ ಶುರು ಮಾಡಿದರು.

ಮೊದಲನೆಯದನ್ನು ತೆರೆದು, "ಭೇಷ್!" ಎಂದರು. ಎರಡನೆಯದಕ್ಕೆ ಅತ್ತೆಯ ಕಡೆ ತಿರುಗಿ, "ನೋಡಿದ್ಯಾ, ಇದನ್ನ ಕಾಲೇಜಿನವರೂ ಆರಿಸ್ತಿರ್ಲಿಲ್ಲ" ಎಂದರು. ಮೂರು, ನಾಲ್ಕು, ಐದು, ಆರು. ಒಂದೊಂದಕ್ಕೂ ಅವರ ಮುಖ ಅರಳುತ್ತಿತ್ತು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಎದೆ ಹಗುರಾಯಿತು. ಏಳನೆಯದನ್ನು ತೆರೆದರು. ಅವರ ಕೈ ನಿಂತಿತು.

"ಏನ್ರೀ ಅದು?" ಎಂದರು ಅತ್ತೆ.

ನನ್ನವರು ಬಗ್ಗಿ ನೋಡಿ ಬಿಳಿಚಿಕೊಂಡರು. "ಅಪರಕರ್ಮದ ಪುಸ್ತಕ" ಎಂದರು ಮೆಲ್ಲಗೆ.

ಸತ್ತವರಿಗೆ ಹತ್ತು ದಿನ ಮಾಡುವ ಕರ್ಮಗಳ ಪುಸ್ತಕ ಅದು. ಸಾವಾದ ಮನೆಯವರು ವಾಚನಾಲಯದಿಂದ ತಂದು, ಕೆಲಸ ಮುಗಿದ ಕೂಡಲೇ ಹಿಂತಿರುಗಿಸುತ್ತಿದ್ದರು. ಸಾವಿಲ್ಲದ ಮನೆಯಲ್ಲಿ ಯಾರೂ ಅದನ್ನು ಬಿಚ್ಚುವುದಿಲ್ಲ. ನಾನು ಅದನ್ನು ಅರಿಶಿನ ಕುಂಕುಮದ ಮುಂದೆ, ತುಂಬು ಬಸುರಿಯ ಎದುರಿಗೆ ತಂದಿಟ್ಟಿದ್ದೆ.

ಪಂಕಜ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. ಅತ್ತೆ ಚೀರಿದರು: "ಯಾರು ಸಾಯ್ಲಿ ಅಂತ ತಂದಿಟ್ಯೇ? ಯಾರು ಸಾಯ್ಲಿ ಅಂತ?"

ಮಾವ ಕೈಯೆತ್ತಿ ಅತ್ತೆಯನ್ನು ಸುಮ್ಮನಾಗಿಸಿ, ನನ್ನನ್ನು ನೋಡಿದರು. "ಇದನ್ನ ಯಾಕೆ ಆರಿಸ್ದೆಯಮ್ಮ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ಆದರೆ ಯಾರೋ ಸಾಯಲೆಂದು ನಾನು ಬಯಸಿದೆನೆಂದು ಆ ಬಸುರಿ ಹುಡುಗಿ ನಂಬುವುದಕ್ಕಿಂತ, ಬೀದಿಗೆ ಬೀಳುವುದೇ ಮೇಲೆನ್ನಿಸಿತು.

"ನಂಗೆ ಓದಕ್ಕೆ ಬರಲ್ಲ ಮಾವ. ಎಲ್ಲಾದಕ್ಕಿಂತ ಜಾಸ್ತಿ ಸವೆದಿತ್ತು. ಕಣ್ಣೀರು ಬಿದ್ದಿತ್ತು. ಒಳ್ಳೇದು ಅಂದ್ಕೊಂಡೆ."

ಮಾವ ಉಳಿದ ಆರನ್ನೂ ಮತ್ತೆ ಎತ್ತಿಕೊಂಡರು. ಈ ಬಾರಿ ಅಕ್ಷರ ನೋಡಲಿಲ್ಲ. ಮೂಲೆಗಳನ್ನು, ಹೊಲಿಗೆಯನ್ನು, ಅರಿಶಿನದ ಬೆರಳ ಗುರುತನ್ನು ನಿಧಾನವಾಗಿ ನೋಡಿದರು. ಅತ್ತೆಗೆ ತಾಳ್ಮೆ ಉಳಿದಿರಲಿಲ್ಲ. "ಅವಳಪ್ಪ ಬಂದು ಕರ್ಕೊಂಡು ಹೋಗ್ಲಿ. ಈಗ್ಲೇ ಕಾಗದ ಬರೀರಿ."

"ಬರೀತೀನಿ" ಎಂದರು ಮಾವ. ಅಲ್ಲಿಯೇ ಕುಳಿತು ಬರೆದರು, ಮಡಿಸಿ ಅಂಟಿಸಿದರು. ನನ್ನ ಕೈಗೆ ಕೊಟ್ಟರು. "ನೀನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಾ."

ಬೀದಿಯ ಕೊನೆಯವರೆಗೆ ನಡೆದದ್ದು ಇಂದಿಗೂ ನೆನಪಿದೆ. ನನ್ನ ಬದುಕು ಏನಾಗಬೇಕೆಂದು ಆ ಲಕೋಟೆಯಲ್ಲಿ ಬರೆದಿತ್ತು, ಅದು ನನ್ನ ಕೈಯಲ್ಲೇ ಇತ್ತು, ನನಗೆ ಅದರಲ್ಲೊಂದು ಅಕ್ಷರವೂ ತಿಳಿಯದು. ದಾರಿಯಲ್ಲಿ ಚರಂಡಿ ಇತ್ತು. ಅಲ್ಲಿ ಬಿಸಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ಸಲ ನಿಂತೆ. ಕೊನೆಗೆ ಡಬ್ಬಿಗೇ ಹಾಕಿದೆ. ಒಳ್ಳೆಯತನದಿಂದಲ್ಲ, ಇನ್ನೂ ಒಂದು ಗುಟ್ಟು ಬಚ್ಚಿಟ್ಟುಕೊಂಡು ಬದುಕುವ ತ್ರಾಣ ನನ್ನಲ್ಲಿರಲಿಲ್ಲ.

ಮರುದಿನ ಮಾವ ಆ ಆರು ಪುಸ್ತಕಗಳನ್ನು ತಾವೇ ಕಪಾಟಿನಲ್ಲಿ ಜೋಡಿಸಿದರು. ಗಾಜಿನಲ್ಲಿ ನನ್ನ ಮುಖ ಈಗ ಅವುಗಳ ಬೆನ್ನಿನ ಮೇಲೆ ತುಂಡುತುಂಡಾಗಿ ಕಾಣುತ್ತಿತ್ತು. ನಾನು ಟ್ರಂಕಿಗೆ ಸೀರೆಗಳನ್ನು ತುಂಬಿಟ್ಟೆ. ಅತ್ತೆ ನನ್ನೊಡನೆ ಮಾತು ಬಿಟ್ಟರು. ನನ್ನವರು ನೆಲ ನೋಡುತ್ತ ಓಡಾಡಿದರು. ಬಾಗಿಲು ಸದ್ದಾದರೆ ಅಪ್ಪನೇ ಬಂದನೆಂದು ಹೋಗಿ ಇಣುಕುತ್ತಿದ್ದೆ. ಒಂಬತ್ತು ದಿನ ಹಾಗೇ ಕಳೆಯಿತು.

ಹತ್ತನೆಯ ದಿನ ಮಧ್ಯಾಹ್ನ ಅಪ್ಪ ಬಂದ. ಅತ್ತೆ ಮುಖ ಬಿಗಿದುಕೊಂಡು ನೀರು ತಂದಿಟ್ಟರು. ಅಪ್ಪ ಮುಟ್ಟಲಿಲ್ಲ.

"ಕಾಗದ ಯಾರಾದ್ರೂ ಓದಿ ಹೇಳಿದ್ರಾ?" ಎಂದರು ಮಾವ.

"ಶಾನುಭೋಗರು ಮೂರು ಸಲ ಓದಿದ್ರು, ಸ್ವಾಮಿ."

"ಹಾಗಾದ್ರೆ ಬಂದ ಕೆಲ್ಸ ಮಾಡಿ."

ನಾನು ಕೋಣೆಗೆ ಹೋಗಿ ಟ್ರಂಕನ್ನು ಎಳೆದು ತಂದೆ. ತಲೆ ಎತ್ತಿದಾಗ ಅಪ್ಪ ನನ್ನೆದುರಿಗೆ ನಿಂತಿದ್ದ. ಹೆಗಲ ಮೇಲಿನ ವಸ್ತ್ರ ತೆಗೆದು ಕಂಕುಳಲ್ಲಿ ಇರುಕಿಕೊಂಡಿದ್ದ, ದೊಡ್ಡವರ ಮುಂದೆ ನಿಲ್ಲುವಾಗ ಮಾಡುವ ಹಾಗೆ. ನನಗೆ, ತನ್ನ ಮಗಳಿಗೆ, ಕೈ ಮುಗಿದ.

"ತಪ್ಪಾಯ್ತು ಮಗಳೇ. ನಿನ್ನನ್ನ ಸುಳ್ಳಿನ ಮೇಲೆ ಕೂರಿಸಿ ಕಳಿಸ್ದೆ."

ನನಗೆ ಏನೂ ಅರ್ಥವಾಗಲಿಲ್ಲ. ಅತ್ತೆಯನ್ನು ನೋಡಿದೆ, ಅವರಿಗೂ ಗೊತ್ತಿರಲಿಲ್ಲ. ಮಾವ ಅಪ್ಪನ ಕೈಯಿಂದ ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದರು. ನನ್ನ ಹೆಸರು ಬರೆದು, ಅವಳಿಗೆ ಓದು ಬಾರದೆಂದು ಇಂದು ತಿಳಿಯಿತು ಎಂದಿತ್ತು. "ಸುಳ್ಳು ಹೇಳಿದವರು ನೀವು. ನಾಲ್ಕು ತಿಂಗಳು ಹೆದರಿದವಳು ಅವಳು. ತಾವು ಬಂದು ಅವಳಲ್ಲಿ ಕ್ಷಮೆ ಕೇಳತಕ್ಕದ್ದು. ಕರೆದುಕೊಂಡು ಹೋಗುವ ಮಾತಿಲ್ಲ."

ಅತ್ತೆ ಸರಕ್ಕನೆ ಒಳಗೆ ಹೋದರು. ಪಂಕಜನ ಹೆರಿಗೆ ಸುಖವಾಗಿ ಆಗುವವರೆಗೂ ಅವರ ಸಿಟ್ಟು ಇಳಿಯಲಿಲ್ಲ. ಆದರೆ ಅಂದು ಊಟಕ್ಕೆ ಅಪ್ಪನಿಗೂ ಒಂದು ಎಲೆ ಹಾಕಿದರು.

ನಾನು ಅಳುತ್ತಲೇ ಕೈ ಚಾಚಿದೆ. ಮಾವ ಕಾಗದ ಕೊಟ್ಟರು. ತುಂಬ ಹೊತ್ತು ನೋಡಿದೆ. ಸಾಲುಸಾಲು ಇರುವೆಗಳಂತೆ ಏನೋ ಇತ್ತು.

"ಇದರಲ್ಲಿ ನನ್ನ ಹೆಸರು ಎಲ್ಲಿದೆ, ಮಾವ?"

ಅವರು ಬಗ್ಗಿ ಒಂದು ಕಡೆ ಬೆರಳಿಟ್ಟು ತೋರಿಸಿದರು. ಎರಡೇ ಅಕ್ಷರ. ನನ್ನ ಹೆಸರು ಅಷ್ಟು ಚಿಕ್ಕದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.